ಅಳದ ಮಗು, ಅಳೆಯುವ ಯಂತ್ರ

ಹುಣಸೂರು ತಾಲ್ಲೂಕಿನ ಒಂದು ಊರು. ಹೊಗೆಸೊಪ್ಪು ಹದವಾಗಲು ಬ್ಯಾರನ್ ಏರಿದ ಆಗಸ್ಟ್ ತಿಂಗಳು. ರಾತ್ರಿ ಉರಿ ನೋಡಿಕೊಳ್ಳಲು ಕೂತವರು ಇಬ್ಬರು. ಒಬ್ಬರು ಪಿರಿಯಾಪಟ್ಟಣದಲ್ಲಿ ಕೆಲಸಕ್ಕೆ ಸೇರಿ, ಎಚ್.ಡಿ. ಕೋಟೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಸೇವೆಯ ಬಹುಪಾಲು ಕಳೆದು ನಿವೃತ್ತರಾದ ನರ್ಸಮ್ಮ. ಇನ್ನೊಬ್ಬಳು ಅವರ ತಮ್ಮನ ಮಗಳು, ಕೆ.ಆರ್. ನಗರದವಳು, ಎಂ.ಆರ್.ಐ. ತಂತ್ರಜ್ಞಾನ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮಾತು ತೆಗೆದದ್ದು ಹುಡುಗಿ.

ಹುಡುಗಿ: ಅತ್ತೆ, ಮಿದುಳಿನೊಳಗೆ ಶಕ್ತಿ ಎಷ್ಟು ದಾಸ್ತಾನಿದೆ ಅಂತ ಸೂಜಿ ಚುಚ್ಚದೆ, ಕತ್ತರಿ ಹಾಕದೆ ಅಳೀಬಹುದು, ಗೊತ್ತಾ?

ಅತ್ತೆ: ಅಳೆದು?

ಹುಡುಗಿ: ಮೊದಲು ಹೇಗೆ ಅಂತಾದ್ರೂ ಕೇಳಿ.

ಅತ್ತೆ: ಹೇಗೆ ಅನ್ನೋದನ್ನ ನೀನು ಹೇಳದೆ ಬಿಡೋಳಲ್ಲ. ಯಾತಕ್ಕೆ ಅನ್ನೋದು ನನ್ನ ಪ್ರಶ್ನೆ. ಆಯ್ತು, ಹೇಳು.

ಹುಡುಗಿ: ಎಂ.ಆರ್.ಐ. ಯಂತ್ರದ ಅದೇ ಅಯಸ್ಕಾಂತ. ಚಿತ್ರ ತೆಗೆಯುವಾಗ ಅದು ಮೈಯೊಳಗಿನ ನೀರಿನ ಹೈಡ್ರೋಜನ್ ಕಡೆ ಕಿವಿ ಕೊಟ್ಟಿರುತ್ತೆ. 3 ಟೆಸ್ಲಾ ಯಂತ್ರದಲ್ಲಿ ಹೈಡ್ರೋಜನ್ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ದನಿ ಕೊಡುತ್ತೆ. ನಾವು ಅದನ್ನ ಬಿಟ್ಟು ಸುಮಾರು 52ಕ್ಕೆ ಬಂದ್ರೆ ರಂಜಕದ ದನಿ ಕೇಳುತ್ತೆ. ಜೀವಕೋಶ ಶಕ್ತಿ ಇಟ್ಟುಕೊಳ್ಳೋದೇ ರಂಜಕ ಇರೋ ಅಣುಗಳಲ್ಲಿ. ಎಟಿಪಿಯಲ್ಲಿ ಮೂರು ರಂಜಕ, ಫಾಸ್ಫೋಕ್ರಿಯೇಟಿನ್‌ನಲ್ಲಿ ಒಂದು. ಖರ್ಚಾದ ಮೇಲೆ ಉಳಿಯೋದು ಬಿಡಿ ಫಾಸ್ಫೇಟು. ಒಂದೊಂದರ ದನಿಯೂ ಒಂಚೂರು ಬೇರೆ, ಹಾಗಾಗಿ ಕಾಗದದ ಮೇಲೆ ಒಂದೊಂದಕ್ಕೆ ಒಂದೊಂದು ಶಿಖರ ಏಳುತ್ತೆ. ಬಿಡಿ ಫಾಸ್ಫೇಟಿನ ಶಿಖರ ಎಷ್ಟು ಪಕ್ಕಕ್ಕೆ ಸರಿದಿದೆ ಅಂತ ನೋಡಿದ್ರೆ ಮಿದುಳಲ್ಲಿ ಆಮ್ಲ ಹೆಚ್ಚಿದೆಯೋ ಇಲ್ಲವೋ ಅನ್ನೋದೂ ಗೊತ್ತಾಗುತ್ತೆ.

ಅತ್ತೆ: ಮೈಸೂರಿನ ತುಂಬಾ ಎಂ.ಆರ್.ಐ. ಇದ್ದಾವಲ್ಲ. ಅವುಗಳಲ್ಲಿ ಆಗಲ್ವಾ?

ಹುಡುಗಿ: ಅವು ಸಾಮಾನ್ಯವಾಗಿ ಹೈಡ್ರೋಜನ್‌ಗೆ ಮಾತ್ರ ಸಜ್ಜಾದ ಯಂತ್ರಗಳು. ಅದರಲ್ಲೂ ಸ್ಪೆಕ್ಟ್ರೋಸ್ಕೋಪಿ ಮಾಡ್ತಾರೆ. ತಲೆಯೊಳಗಿನ ಗಡ್ಡೆ ಕ್ಷಯದ್ದೋ ಕ್ಯಾನ್ಸರಿನದ್ದೋ ಅಂತ ವಿಂಗಡಿಸೋದಕ್ಕೆ ಡಾಕ್ಟರಿಗೆ ಅದು ನೆರವಿಗೆ ಬರುತ್ತೆ. ಆದ್ರೆ ಅಲ್ಲಿ ಕ್ರಿಯೇಟಿನ್ನೂ ಫಾಸ್ಫೋಕ್ರಿಯೇಟಿನ್ನೂ ಒಂದೇ ಶಿಖರವಾಗಿ ಸೇರಿಕೊಂಡಿರುತ್ತವೆ. ಖರ್ಚಾದದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಬಿಡಿಸೋಕೆ ಆಗಲ್ಲ. ರಂಜಕಕ್ಕೆ ಬೇರೆ ಕಾಯಿಲ್ ಬೇಕು, ಬೇರೆ ಆಂಪ್ಲಿಫೈಯರ್ ಬೇಕು. ದನಿಯೂ ತೀರಾ ಸಣ್ಣದು. ಮಿದುಳಲ್ಲಿ ಈ ಅಣುಗಳಿಗಿಂತ ನೀರು ಹತ್ತಾರು ಸಾವಿರ ಪಟ್ಟು ಜಾಸ್ತಿ. ಹಾಗಾಗಿ ಮೂರು-ನಾಲ್ಕು ಸೆಂಟಿಮೀಟರ್ ಉದ್ದಗಲದ ಮಿದುಳಿನ ತುಂಡನ್ನ ಒಟ್ಟಿಗೆ ಹಿಡಿದು, ಹತ್ತಿಪ್ಪತ್ತು ನಿಮಿಷ ಕೂಡುತ್ತಾ ಹೋಗಬೇಕು.

ಅತ್ತೆ: ಅಷ್ಟು ಕಷ್ಟಪಟ್ಟು ನೋಡೋ ದಾಸ್ತಾನು ಎಷ್ಟಿರುತ್ತೆ?

ಹುಡುಗಿ: ಇಲ್ಲ ಅನ್ನೋಷ್ಟು ಕಮ್ಮಿ. ಮಿದುಳಿನ ತೂಕ ದೇಹದ ನೂರರಲ್ಲಿ 2 ಭಾಗ. ತಿನ್ನೋದು ಮಾತ್ರ ಶಕ್ತಿಯ ನೂರರಲ್ಲಿ 20 ಭಾಗ. ದೊಡ್ಡವರ ಮಿದುಳಿಗೆ ರಕ್ತ ನಿಂತ್ರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತೆ. ಫಾಸ್ಫೋಕ್ರಿಯೇಟಿನ್ ನಿಮಿಷದ ಲೆಕ್ಕದಲ್ಲಿ ಮುಗಿದುಹೋಗುತ್ತೆ, ಅದರ ಹಿಂದೆಯೇ ಎಟಿಪಿ ಕುಸಿಯುತ್ತೆ.

ಅತ್ತೆ: ಮೊದಲು ಒಂದು, ಆಮೇಲೆ ಇನ್ನೊಂದು. ಯಾಕೆ?

ಹುಡುಗಿ: ಈ ಬ್ಯಾರನ್ನನ್ನೇ ನೋಡಿ ಅತ್ತೆ. ಒಳಗಿನ ಕಾವು ಇಳೀಬಾರದು. ಮಿದುಳಿಗೆ ಎಟಿಪಿ ಆ ಕಾವಿನ ಥರ. ಎಷ್ಟೇ ಖರ್ಚಾದ್ರೂ ಅದನ್ನ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುತ್ತೆ. ಅದಕ್ಕೆ ಒಲೆ ಬಾಯಲ್ಲಿ ಕೈಗೆ ಸಿಗೋ ಹಾಗೆ ಇಟ್ಟ ನಾಲ್ಕು ಸೌದೆಯೇ ಫಾಸ್ಫೋಕ್ರಿಯೇಟಿನ್. ಅಂಗಳದ ರಾಶಿಯಿಂದ ಸೌದೆ ಬರೋದು ತಡವಾದ್ರೆ ಮೊದಲು ಖಾಲಿಯಾಗೋದು ಬಾಯಲ್ಲಿರೋ ಸೌದೆ. ಕಾವು ಇಳಿಯೋದು ಆಮೇಲೆ.

ಅತ್ತೆ: ಹೋಲಿಕೆ ನಿನ್ನದು, ಬ್ಯಾರನ್ ನನ್ನದು. ಅದಕ್ಕೆ ಕೇಳ್ತೀನಿ. ಒಲೆ ಬಾಯಲ್ಲಿ ಸೌದೆ ಎಷ್ಟಿದೆ ಅಂತ ಬಗ್ಗಿ ನೋಡಿದ್ರೆ ಉರಿ ಹೇಗಿದೆ ಅಂತ ಗೊತ್ತಾಗುತ್ತಾ? ಸೌದೆ ಜಾಸ್ತಿ ಕಂಡ್ರೆ, ಕಾಯೋನು ಹುಷಾರಾಗಿ ತಂದಿಟ್ಟಿದ್ದಾನೆ ಅಂತಲೂ ಇರಬಹುದು; ಉರಿ ಆರಿ, ಹಾಕಿದ ಸೌದೆ ಹಾಗೇ ಬಿದ್ದಿದೆ ಅಂತಲೂ ಇರಬಹುದು.

ಹುಡುಗಿ: ಆ ವಿದ್ಯೆಯ ಒಳಗಿನವರೇ ಎತ್ತಿರೋ ತಕರಾರು ಇದು. ದಾಸ್ತಾನು ಬೇರೆ, ಖರ್ಚಿನ ವೇಗ ಬೇರೆ. ವೇಗ ಅಳೆಯೋಕೂ ದಾರಿ ಇದೆ. ಒಂದು ಅಣುವಿನಲ್ಲಿರೋ ರಂಜಕದ ದನಿಯನ್ನ ರೇಡಿಯೋ ಅಲೆಯಿಂದ ಅಡಗಿಸಿಬಿಡೋದು. ಆ ರಂಜಕ ಇನ್ನೊಂದು ಅಣುವಿಗೆ ದಾಟಿದಷ್ಟೂ ಅಲ್ಲಿನ ಶಿಖರ ತಗ್ಗುತ್ತೆ. ಎಷ್ಟು ತಗ್ಗಿತು ಅನ್ನೋದರಿಂದ ಎಷ್ಟು ಬೇಗ ದಾಟಿತು ಅಂತ ಲೆಕ್ಕ ಹಾಕಬಹುದು. ಆದ್ರೆ ಅದು ನಿಧಾನದ ಕೆಲಸ. 7 ಟೆಸ್ಲಾದಂಥ ದೊಡ್ಡ ಅಯಸ್ಕಾಂತ ಇದ್ರೆ ಚೆನ್ನಾಗಿ ಬರುತ್ತೆ.

ಅತ್ತೆ: ಅಂಗಳದ ರಾಶಿ? ಅದನ್ನ ನೋಡೋಕೆ ಆಗುತ್ತಾ?

ಹುಡುಗಿ: ಮಿದುಳಿನ ಸ್ವಂತ ರಾಶಿ ಅಂದ್ರೆ ಗ್ಲೈಕೋಜನ್, ಸಕ್ಕರೆಯ ದಾಸ್ತಾನು. ಯಕೃತ್ತಿನಲ್ಲಿರೋದಕ್ಕೆ ಹೋಲಿಸಿದ್ರೆ ತೀರಾ ಚೂರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಅದನ್ನೂ ಬದುಕಿರೋ ಮನುಷ್ಯರಲ್ಲಿ ಅಳೆದಿದ್ದಾರೆ. ಕಾರ್ಬನ್-13 ಸೇರಿಸಿದ ಗ್ಲೂಕೋಸನ್ನ ಗಂಟೆಗಟ್ಟಲೆ ಡ್ರಿಪ್ ಕೊಟ್ಟು...

ಅತ್ತೆ: ಸೂಜಿ ಇಲ್ಲ ಅಂದೆ!

ಹುಡುಗಿ: ರಂಜಕಕ್ಕೆ ಸೂಜಿ ಇಲ್ಲ. ಗ್ಲೈಕೋಜನ್‌ಗೆ ಬೇಕು. ಆ ಕಾರ್ಬನ್ನಿನಲ್ಲಿ ವಿಕಿರಣ ಇಲ್ಲ, ಆದ್ರೂ ಡ್ರಿಪ್ ಡ್ರಿಪ್ಪೇ.

ಅತ್ತೆ: ಎಲ್ಲಾ ಆಚೆ ದೇಶದ ಮಾತೇ ಆಯ್ತಲ್ಲ ಮಗಾ.

ಹುಡುಗಿ: ಹಾಗೇನಿಲ್ಲ. ಈ ಅಯಸ್ಕಾಂತ ವಿದ್ಯೆಯನ್ನ ಅಮೆರಿಕದಲ್ಲಿ ಬ್ಲಾಕ್, ಪರ್ಸೆಲ್ ಅನ್ನೋರು ಕಂಡುಕೊಂಡದ್ದು 1946ರಲ್ಲಿ. ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅನ್ನೋರು ಹರಿಯೋ ದ್ರವದಿಂದ ಬರೋ ದನಿ ನಿಂತ ದ್ರವದ ದನಿಗಿಂತ ಬೇರೆ ಅಂತ ತೋರಿಸಿದ್ರು. ಈಗ ಎಂ.ಆರ್.ಐ.ನಲ್ಲಿ ರಕ್ತದ ಹರಿವು ನೋಡೋದಕ್ಕೆ ತಳಪಾಯ ಆ ವಿಚಾರವೇ. ಇನ್ನು ರಂಜಕದ ಅಳತೆ ನಿಮ್ಹಾನ್ಸ್‌ನಲ್ಲೇ ಆಗಿದೆ. ಬಿ.ಎನ್. ಗಂಗಾಧರ್, ಪಿ.ಎನ್. ಜಯಕುಮಾರ್ ಅವರ ತಂಡ ಸ್ಕಿಜೋಫ್ರೇನಿಯಾ ಇದ್ದು ಇನ್ನೂ ಔಷಧಿ ಶುರು ಮಾಡದವರ ಮಿದುಳಿನ ಆಳದ ಒಂದು ಭಾಗವನ್ನ ಹೀಗೆ ನೋಡಿತು. ಶಕ್ತಿಯ ಅಣುಗಳ ಪ್ರಮಾಣದಲ್ಲಿ ಏರುಪೇರು ಇತ್ತು, ಔಷಧಿ ಕೊಟ್ಟ ಮೇಲೆ ಅದು ಸರಿಹೋಯ್ತು ಅಂತ 2010ರಲ್ಲಿ ಬರೆದರು.

ಅತ್ತೆ: ಕೋಟೆ ಕಡೆ ಅಂಥ ಹುಡುಗರನ್ನ ನಾನೂ ನೋಡಿದ್ದೀನಿ. ಮಾತ್ರೆ ಹಿಡಿಸಿದ ದಿನ ಅವರವ್ವನಿಗೆ ಗೊತ್ತಾಗುತ್ತೆ. ಸ್ನಾನ ಮಾಡ್ತಾನೆ, ತಟ್ಟೆ ಮುಂದೆ ಕೂರ್ತಾನೆ, ಅವ್ವ ಅಂತಾನೆ. ನಿನ್ನ ಕಾಗದ ಅವಳಿಗೆ ಹೆಚ್ಚಿಗೆ ಏನು ಹೇಳುತ್ತೆ?

ಹುಡುಗಿ: ಮಗನಿಗೆ ಬಂದಿರೋದು ಯಾರೋ ಮಾಡಿಸಿದ್ದಲ್ಲ, ಅವಳು ಸಾಕಿದ್ದರಲ್ಲಿ ತಪ್ಪಿಲ್ಲ, ಮೈಯೊಳಗಿನ ವ್ಯತ್ಯಾಸ ಅಂತ ಹೇಳುತ್ತೆ. ಅದು ಸಣ್ಣ ಮಾತಾ?

ಅತ್ತೆ: ಸಣ್ಣದಲ್ಲ. ಆದ್ರೆ ಒಬ್ಬನೇ ಒಬ್ಬ ಹುಡುಗನ ಕಾಗದ ನೋಡಿ, ಇವನಿಗೆ ಕಾಯಿಲೆ ಇದೆ, ಇವನಿಗಿಲ್ಲ ಅಂತ ಹೇಳಬಲ್ಲೆಯಾ?

ಹುಡುಗಿ: ಇಲ್ಲ. ಅದು ಗುಂಪಿಗೂ ಗುಂಪಿಗೂ ಇರೋ ಸರಾಸರಿ ವ್ಯತ್ಯಾಸ.

ಅತ್ತೆ: ಮತ್ತೆ ಅವಳ ಮುಂದೆ ಅದನ್ನ ಸಾಕ್ಷಿ ಅಂತ ಹಿಡೀಬೇಡ. ನಾಳೆ ಇನ್ನೊಬ್ಬಳ ಮಗನ ಕಾಗದ ನೆಟ್ಟಗೆ ಬಂದ್ರೆ, ಇವನಿಗೆ ಏನೂ ಇಲ್ಲ, ನಾಟಕ ಆಡ್ತಾನೆ ಅಂತ ಊರು ಹೇಳುತ್ತೆ.

ಹುಡುಗಿ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ನನ್ನ ಎಣಿಕೆಯಲ್ಲಿ ಈ ಜಾಗದಲ್ಲಿ ನರ್ಸಮ್ಮನ ಮಾತೇ ತೂಕದ್ದು: ಗುಂಪಿನ ಸತ್ಯವನ್ನು ಒಬ್ಬನ ತಲೆಗೆ ಕಟ್ಟಿದಾಗ ಆಗುವ ನೋವನ್ನು ಊರಿನಲ್ಲಿ ಬಾಳಿದವರೇ ಬಲ್ಲರು. ಆದರೆ ಮುಂದೆ ಹುಡುಗಿ ಎತ್ತಿದ ವಿಷಯ ನರ್ಸಮ್ಮನ ಜೀವಮಾನದ ಕೆಲಸಕ್ಕೇ ಸೇರಿದ್ದು.

ಹುಡುಗಿ: ಅತ್ತೆ, ಹುಟ್ಟಿದ ತಕ್ಷಣ ಅಳದ ಮಗು, ನೀವು ಅಂಬು ಬ್ಯಾಗ್ ಒತ್ತಿ ಉಸಿರು ಹಿಡಿಸಿದ ಮಗು. ಅದು ಆಮೇಲೆ ಹೇಗಿರ್ತಿತ್ತು?

ಅತ್ತೆ: ಎಷ್ಟೋ ಮಕ್ಕಳು ಅತ್ತು, ಕೆಂಪಗಾಗಿ, ಹಾಲಿಗೆ ಬಾಯಿ ಹಾಕ್ತಿದ್ವು. ಇನ್ನು ಕೆಲವು... ಮೊದಲ ದಿನ ಪರವಾಗಿಲ್ಲ ಅನ್ನೋ ಹಾಗಿರ್ತಿದ್ವು. ಬಾಣಂತಿಯ ಅವ್ವ ಬಂದು ನನ್ನ ಕೈ ಹಿಡ್ಕೊಳ್ಳೋಳು, ಉಳಿಸಿಕೊಟ್ರಿ ಸಿಸ್ಟರ್ ಅಂತ. ಮಾರನೇ ದಿನ ಮಗು ಬಿಗಿಯೋಕೆ ಶುರು. ಕೈ ಬಿಗಿ, ಕಾಲು ಬಿಗಿ, ಕಣ್ಣು ಒಂದು ಕಡೆ. ನಾನೇನು ತಪ್ಪು ಮಾಡಿದೆ, ಎಲ್ಲಿ ತಡ ಮಾಡಿದೆ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಿದ್ದೆ.

ಹುಡುಗಿ: ಅದಕ್ಕೇ ಕೇಳಿದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆಸ್ಮಂಡ್ ರೆನಾಲ್ಡ್ಸ್ ಅನ್ನೋ ಮಕ್ಕಳ ಡಾಕ್ಟರ ತಂಡ ನವಜಾತ ಶಿಶುಗಳ ಮಿದುಳಲ್ಲಿ ರಂಜಕ ಅಳೆದು 1983ರಲ್ಲಿ ಪ್ರಕಟಿಸಿತು. ಮುಂದಿನ ವರ್ಷಗಳಲ್ಲಿ ಹುಟ್ಟುವಾಗ ಉಸಿರು ಕಟ್ಟಿದ ಮಕ್ಕಳನ್ನ ದಿನದಿನವೂ ನೋಡುತ್ತಾ ಹೋದರು. ಏನು ಕಂಡಿತು ಅಂತೀರಾ? ಮೊದಲ ದಿನ ಅಳೆದಾಗ ಎಷ್ಟೋ ಮಕ್ಕಳ ಮಿದುಳಿನ ಶಕ್ತಿ ಸರಿಯಾಗೇ ಇತ್ತು. ಫಾಸ್ಫೋಕ್ರಿಯೇಟಿನ್ ಇದೆ, ಎಟಿಪಿ ಇದೆ. ಉಸಿರು ಬಂದ ಮೇಲೆ ಮಿದುಳು ಮತ್ತೆ ತುಂಬಿಕೊಂಡಿದೆ. ಆಮೇಲೆ ಕೆಲವು ಗಂಟೆ ಕಳೆದು, ಎರಡನೇ ದಿನ, ಮೂರನೇ ದಿನ, ರಕ್ತ ಇದ್ದರೂ ಉಸಿರು ಇದ್ದರೂ ಶಕ್ತಿ ತಾನಾಗೇ ಕುಸಿಯುತ್ತೆ. ಎರಡನೇ ಸಲದ ಕುಸಿತ. ಅದು ಎಷ್ಟು ಆಳವೋ ಮಗುವಿನ ಮುಂದಿನ ಸ್ಥಿತಿ ಅಷ್ಟು ಕಷ್ಟ.

ಅತ್ತೆ: ...ಮೊದಲ ದಿನ ನಿಜವಾಗಿಯೂ ಸರಿಯಾಗಿತ್ತು ಅಂತೀಯಾ?

ಹುಡುಗಿ: ಹೌದು ಅತ್ತೆ. ನಿಮ್ಮ ಕಣ್ಣು ತಪ್ಪು ನೋಡಿರಲಿಲ್ಲ.

ಅತ್ತೆ: ಇದನ್ನ ನನಗೆ ಯಾರೂ ಹೇಳಿರಲಿಲ್ಲ ಕಣೇ. ಟ್ರೈನಿಂಗ್‌ನಲ್ಲಿ ಬ್ಯಾಗ್ ಒತ್ತೋದು ಕಲಿಸಿದ್ರು, ಮೊದಲ ನಿಮಿಷದೊಳಗೆ ಉಸಿರು ಹಿಡಿಸಬೇಕು ಅಂದ್ರು. ಮಾರನೇ ದಿನದ ವಿಚಾರ ಯಾರೂ ಮಾತಾಡಲಿಲ್ಲ.

ಹುಡುಗಿ: ಈ ಅಳತೆಯಿಂದಲೇ ಒಂದು ಚಿಕಿತ್ಸೆಗೆ ಬಲ ಬಂತು. ಎರಡು ಕುಸಿತಗಳ ನಡುವೆ ಕೆಲವು ಗಂಟೆ ಬಿಡುವು ಇದೆ ಅಂತಾಯ್ತಲ್ಲ, ಆ ಬಿಡುವಿನಲ್ಲಿ ಏನಾದ್ರೂ ಮಾಡಬಹುದಾ ಅಂತ ನೋಡಿದ್ರು. ಹಂದಿಮರಿಗಳ ಮೈ ಒಂಚೂರು ತಣ್ಣಗೆ ಮಾಡಿದಾಗ ಎರಡನೇ ಕುಸಿತ ತಗ್ಗಿತು. 1995ರಲ್ಲಿ ಅದನ್ನ ರಂಜಕದ ಅಳತೆಯಿಂದಲೇ ತೋರಿಸಿದ್ರು. ಆಮೇಲೆ ಮಕ್ಕಳಲ್ಲಿ ಪರೀಕ್ಷೆ ನಡೀತು. ಹುಟ್ಟಿದ ಆರು ಗಂಟೆಯೊಳಗೆ ಶುರು ಮಾಡಿ, ಮೈ ಶಾಖ 33.5 ಡಿಗ್ರಿ ಆಸುಪಾಸಿಗೆ ಇಳಿಸಿ, 72 ಗಂಟೆ ಹಾಗೇ ಇಡೋದು. ಶ್ರೀಮಂತ ದೇಶಗಳಲ್ಲಿ ಸಾವು, ಅಂಗವೈಕಲ್ಯ ಎರಡೂ ಕಮ್ಮಿಯಾದ್ವು. ಈಗ ಅಲ್ಲಿ ಅದೇ ರೂಢಿ.

ಅತ್ತೆ: ಇಲ್ಲಿ?

ಹುಡುಗಿ: ಇಲ್ಲೂ ನೋಡಿದ್ರು. ಹೀಲಿಕ್ಸ್ ಅನ್ನೋ ಪರೀಕ್ಷೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ದೊಡ್ಡ ನವಜಾತ ಶಿಶು ಘಟಕಗಳು, ನಮ್ಮ ಬೆಂಗಳೂರೂ ಸೇರಿ. 408 ಮಕ್ಕಳು. 2021ರಲ್ಲಿ ಫಲಿತಾಂಶ ಬಂತು.

ಅತ್ತೆ: ಏನಂತೆ?

ಹುಡುಗಿ: ತಣ್ಣಗಿಟ್ಟ ಮಕ್ಕಳಲ್ಲಿ ನೂರಕ್ಕೆ 42 ತೀರಿಕೊಂಡ್ವು. ಮಾಮೂಲು ಆರೈಕೆ ಪಡೆದವರಲ್ಲಿ ನೂರಕ್ಕೆ 31.

ಅತ್ತೆ: ಅಯ್ಯೋ ಶಿವನೇ.

ಹುಡುಗಿ: ನಮ್ಮಂಥ ಕಡೆ ಇದನ್ನ ಮಾಡಬೇಡಿ ಅಂತಲೇ ಅವರು ಬರೆದರು.

ಅತ್ತೆ: ಈಗ ನಾನು ಹೇಳೋದು ಕೇಳು. ಲಂಡನ್ನಿನ ಮಗುವಿಗೆ ಉಸಿರು ಕಟ್ಟಿದ್ದು ಹೆರಿಗೆ ಮನೆಯೊಳಗೆ, ಡಾಕ್ಟರ ಕಣ್ಣೆದುರಿಗೆ. ಅವರ ಗಡಿಯಾರ ಶುರುವಾಗೋದು ಅಲ್ಲಿಂದ. ನಮ್ಮ ಮಗುವಿನ ಗಡಿಯಾರ ಯಾವಾಗ ಶುರುವಾಯ್ತೋ ಯಾರಿಗೆ ಗೊತ್ತು? ಡಿ.ಬಿ. ಕುಪ್ಪೆ ಕಡೆಯ ಹಾಡಿಯಿಂದ ಬಸುರಿ ಹೊರಟ್ರೆ ದಾರಿ ಪೂರಾ ಕಾಡು. ಆನೆ ಅಡ್ಡ ನಿಂತ್ರೆ ಗಾಡಿ ಆಫ್ ಮಾಡಿ ಕಾಯಬೇಕು. ಕೋಟೆಯಲ್ಲಿ ನೋಡಿ ಆಗಲ್ಲ ಅಂದ್ರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ, ಇನ್ನೊಂದು 50 ಕಿಲೋಮೀಟರು. ಅವಳಿಗೆ ರಕ್ತ ಇಲ್ಲ, ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಆಗಿರುತ್ತೆ. ಆ ಹೊತ್ತೆಲ್ಲ ಒಳಗಿರೋ ಕೂಸು ಒಂದೇ ಏಟಿಗೆ ಅಲ್ಲ, ಇಷ್ಟಿಷ್ಟೇ ಸೋಲ್ತಾ ಇರುತ್ತೆ. ನೀನು ಹೇಳೋ ಬಿಡುವಿನ ಗಂಟೆ ದಾರಿಯಲ್ಲೇ ಮುಗಿದಿರುತ್ತೆ.

ಹುಡುಗಿ: ಹೀಲಿಕ್ಸ್ ಮಾಡಿದವರ ಒಂದು ಊಹೆಯೂ ಅದೇ. ಇಲ್ಲಿಯ ಮಕ್ಕಳಲ್ಲಿ ಪೆಟ್ಟು ಹೆರಿಗೆಗೆ ಮೊದಲೇ, ನಿಧಾನವಾಗಿ ಬಿದ್ದಿರಬಹುದು ಅಂತ.

ಅತ್ತೆ: ನೋಡು ಮತ್ತೆ. ಯಂತ್ರ ಇಲ್ಲದೆ ನನಗೂ ಗೊತ್ತಾಯ್ತಲ್ಲ.

ಹುಡುಗಿ: ನಿಮಗೆ ಗೊತ್ತಿತ್ತು. ಆದ್ರೆ ನಿಮ್ಮ ಮಾತು ಕೇಳಿ ಯಾರಾದ್ರೂ ಆ ಚಿಕಿತ್ಸೆ ಬೇಡ ಅಂತಿದ್ರಾ? ಅಳೆದು, ಎಣಿಸಿ ನೋಡಿದ ಮೇಲೆ ತಾನೇ ಮಾಡಬೇಡಿ ಅಂತ ಅವರು ಬರೆದದ್ದು. ನನ್ನ ವಾದವೂ ಅಲ್ಲೇ ಇದೆ. ಲಂಡನ್ ಮಗುವಿನ ಅಳತೆ ನಮ್ಮ ಮಗುವಿಗೆ ಹೊಂದಲ್ಲ ಅಂದಮೇಲೆ ನಮ್ಮ ಮಗುವನ್ನೇ ಅಳೀಬೇಕು ತಾನೇ? ನಮ್ಮ ಕೂಸಿನ ಮಿದುಳಿನ ಶಕ್ತಿ ಯಾವ ಗಂಟೆಯಲ್ಲಿ ಕುಸಿಯುತ್ತೆ, ಅದಕ್ಕೆ ಬಿಡುವು ಇದೆಯೋ ಇಲ್ಲವೋ ಅಂತ ಗೊತ್ತಾಗದೆ ಇಲ್ಲಿಗೆ ತಕ್ಕ ಔಷಧಿ ಎಲ್ಲಿಂದ ಬರುತ್ತೆ?

ಅತ್ತೆ: ಬಿಗಿಯೋ ಮಗುವನ್ನ ಕೋಟೆಯಿಂದ ಬೆಂಗಳೂರಿಗೆ ಒಯ್ದು, ಅಯಸ್ಕಾಂತದೊಳಗೆ ಇಪ್ಪತ್ತು ನಿಮಿಷ ಮಲಗಿಸ್ತೀಯಾ? ದಾರಿಯಲ್ಲೇ ಸಕ್ಕರೆ ಇಳಿಯುತ್ತೆ, ಮೈ ತಣ್ಣಗಾಗುತ್ತೆ.

ಹುಡುಗಿ: ಅದು ಆಗಲ್ಲ, ಒಪ್ತೀನಿ. ಸಣ್ಣ ಯಂತ್ರಗಳೂ ಬರ್ತಾ ಇವೆ, ಹಾಸಿಗೆ ಪಕ್ಕಕ್ಕೆ ತಳ್ಳಿಕೊಂಡು ಬರೋ ಎಂ.ಆರ್.ಐ. ಆದ್ರೆ ಅವುಗಳ ಅಯಸ್ಕಾಂತ ಬಡವು, ರಂಜಕದ ದನಿ ಅವಕ್ಕೆ ಕೇಳಲ್ಲ. ಬೇರೆ ದಾರಿ ಬೆಳಕಿನದು. ಜೀವಕೋಶದೊಳಗೆ ಶಕ್ತಿ ತಯಾರಿಸೋ ಸರಪಳಿಯ ಕೊನೆಗೆ ಸೈಟೋಕ್ರೋಮ್ ಆಕ್ಸಿಡೇಸ್ ಅನ್ನೋ ಕಿಣ್ವ ಇದೆ. ಅದು ಕೆಲಸ ಮಾಡ್ತಿದ್ರೆ ಒಂದು ರೀತಿ, ನಿಂತ್ರೆ ಇನ್ನೊಂದು ರೀತಿ ಬೆಳಕು ಹೀರುತ್ತೆ. ಮಗುವಿನ ತಲೆಗೆ ಎರಡು ಪಟ್ಟಿ ಅಂಟಿಸಿ, ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಬಿಟ್ಟು ಅದನ್ನ ನೋಡಬಹುದು, ತೊಟ್ಟಿಲಲ್ಲೇ. ಲಂಡನ್ನಿನ ಅದೇ ಕಾಲೇಜಿನವರು ಮಾಡಿದ್ದಾರೆ. ಅದು ನಂಬಿಕಸ್ತವೋ ಅಂತ ಪರೀಕ್ಷೆ ಮಾಡಿದ್ದು ಹೇಗೆ ಗೊತ್ತಾ? ಅಯಸ್ಕಾಂತದೊಳಗೆ ರಂಜಕವನ್ನೂ ಬೆಳಕನ್ನೂ ಒಟ್ಟಿಗೆ ಅಳೆದು. ದೊಡ್ಡ ಯಂತ್ರ ಹಾಡಿಗೆ ಬರಬೇಕಾಗಿಲ್ಲ ಅತ್ತೆ. ಹಾಡಿಗೆ ಬರೋ ಸಣ್ಣ ಯಂತ್ರಕ್ಕೆ ಅದು ಅಳತೆಗೋಲು ಆದ್ರೆ ಸಾಕು.

ಅತ್ತೆ: ಬೆಳಕು ಅಂದೆಯಲ್ಲ. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರೂ ಬೆಳಕಿನದೇ. ಕೊರೋನಾ ಸಮಯದಲ್ಲಿ ಅದು ಕಪ್ಪು ಚರ್ಮದವರಿಗೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ ಪೇಪರಿನಲ್ಲಿ ಬಂದಿತ್ತು.

ಹುಡುಗಿ: ಹೌದು, ಅಮೆರಿಕದಲ್ಲಿ 2020ರಲ್ಲಿ ಅದನ್ನ ಎತ್ತಿ ತೋರಿಸಿದ್ರು.

ಅತ್ತೆ: ಲಂಡನ್ನಿನ ಬಿಳಿ ಕೂಸಿನ ತಲೆಗೆ ಹೊಂದಿಸಿದ ಬೆಳಕು ನಮ್ಮ ಜೇನುಕುರುಬರ ಕೂಸಿನ ತಲೆಯಲ್ಲಿ ಸುಳ್ಳು ಹೇಳಿದ್ರೆ? ಇನ್ನೂ ಶಕ್ತಿ ಇದೆ, ಪರವಾಗಿಲ್ಲ ಅಂತ ಅದು ತೋರಿಸುತ್ತೆ. ರಾತ್ರಿ ಪಾಳಿಯ ಸಿಸ್ಟರ್ ಅದನ್ನ ನಂಬಿ ಮಗುವನ್ನ ಮೈಸೂರಿಗೆ ಕಳಿಸೋದಿಲ್ಲ. ನನಗೆ ಯಂತ್ರ ಇರಲಿಲ್ಲ, ಹಾಗಾಗಿ ಅನುಮಾನ ಬಂದ್ರೆ ಕಳಿಸ್ತಿದ್ದೆ.

ಹುಡುಗಿ: ಅದಕ್ಕೇ ಇಲ್ಲಿಯ ಮಕ್ಕಳ ಮೇಲೆ ಮೊದಲು...

ಅತ್ತೆ: ಮಕ್ಕಳ ಮೇಲೆ. ಅಲ್ಲಿಗೇ ಬಂದೆ. ಹೆತ್ತು ಒಂದು ಗಂಟೆ ಆಗಿರೋ, ಮಗು ಉಳಿಯುತ್ತೋ ಇಲ್ಲವೋ ಗೊತ್ತಿಲ್ಲದ ಹೆಂಗಸಿನ ಹತ್ತಿರ ಹೋಗಿ, ನಿನ್ನ ಕೂಸನ್ನ ಅಳೀತೀವಿ, ಇಲ್ಲಿ ಹೆಬ್ಬೆಟ್ಟು ಒತ್ತವ್ವ ಅಂತ ಕೇಳೋರು ಯಾರು? ಆಸ್ಪತ್ರೆಯವರು ಕೇಳಿದ್ರೆ ಅವಳು ಬೇಡ ಅನ್ನಲ್ಲ. ಬೇಡ ಅಂದ್ರೆ ಮಗುವನ್ನ ನೋಡೋದಿಲ್ಲವೇನೋ ಅಂತ ಹೆದರ್ತಾಳೆ. ಅದನ್ನ ಒಪ್ಪಿಗೆ ಅಂತ ಬರ್ಕೊಳ್ತೀರಾ?

ಹುಡುಗಿ: ಕೇಳೋರು ಅವಳ ಗುರುತಿನವರಾಗಿರಬೇಕು. ಹೆರಿಗೆಗೆ ಮುಂಚೆಯೇ, ತಾಯಿ ಕಾರ್ಡು ಮಾಡಿಸೋ ತಿಂಗಳಲ್ಲೇ ಕೂತು ಹೇಳಬೇಕು. ನಿಮ್ಮಂಥವರು ಹೇಳಬೇಕು. ನೀವು ಬರ್ತೀರಾ?

ಅತ್ತೆ: ದುಡ್ಡು ಎಲ್ಲಿಂದ? ಆ ದುಡ್ಡಿಗೆ ಎಷ್ಟು ಕೇಂದ್ರಗಳಲ್ಲಿ ರಾತ್ರಿಗೆ ಇನ್ನೊಬ್ಬ ಸಿಸ್ಟರ್ ಇಡಬಹುದು ಅಂತ ನಾನು ಲೆಕ್ಕ ಹಾಕ್ತೀನಿ. ಬ್ಯಾಗ್ ಒತ್ತೋಕೆ ಒಂದು ಕೈ, ತಾಯಿಗೆ ರಕ್ತ ಹೋಗೋದನ್ನ ನಿಲ್ಲಿಸೋಕೆ ಇನ್ನೊಂದು ಕೈ, ಎರಡೂ ನನ್ನವೇ ಆಗಿದ್ದ ರಾತ್ರಿಗಳು ನನಗೆ ಗೊತ್ತು.

ಹುಡುಗಿ: ಸಂಶೋಧನೆಯ ದುಡ್ಡು ನಿಲ್ಲಿಸಿದ್ರೆ ಅದು ಸಿಸ್ಟರ್ ಸಂಬಳಕ್ಕೆ ಬರಲ್ಲ ಅತ್ತೆ. ಅವೆರಡೂ ಬೇರೆ ಬೇರೆ ಚೀಲ. ಎರಡನ್ನೂ ಕೇಳಬೇಕು. ನೀವು ಬರ್ತೀರೋ ಇಲ್ಲವೋ ಹೇಳಿ.

ಅತ್ತೆ: ಒಂದು ಮಾತಿಗೆ ಒಪ್ಪಿದ್ರೆ ಬರ್ತೀನಿ. ಅಳೆದ ದಿನವೇ ಆ ತಾಯಿಗೆ ಕನ್ನಡದಲ್ಲಿ ಹೇಳಬೇಕು, ಏನು ಕಾಣ್ತು ಅಂತ.

ಹುಡುಗಿ: ಅಂಕಿ ಅದೇ ದಿನ ಬರುತ್ತೆ. ಆ ಅಂಕಿಗೆ ಅವಳ ಮಗುವಿನ ಮಟ್ಟಿಗೆ ಅರ್ಥ ಏನು ಅಂತ ಹೇಳೋಕೆ, ಅಂಥ ನೂರಾರು ಮಕ್ಕಳನ್ನ ಅಳೆದು, ಅವು ನಡೆಯೋದು, ಮಾತಾಡೋದು ನೋಡಿದ ಮೇಲಷ್ಟೇ ಆಗೋದು. ಮೊದಲ ತಾಯಂದಿರಿಗೆ ಉತ್ತರ ಇರಲ್ಲ. ಅವರ ಮಕ್ಕಳಿಂದ ಬೇರೆಯವರ ಮಕ್ಕಳಿಗೆ ಉತ್ತರ ಸಿಗುತ್ತೆ.

ಅತ್ತೆ: ಅದನ್ನ ಹೆಬ್ಬೆಟ್ಟು ಒತ್ತೋಕೆ ಮುಂಚೆ ಅವಳಿಗೆ ಹೇಳ್ತೀಯಾ? ಇದೇ ಮಾತಲ್ಲಿ?

ಹುಡುಗಿ: ಹೇಳ್ತೀನಿ.

ಅತ್ತೆ: ಹೇಳಿದ ಮೇಲೆ ಬೇಡ ಅಂತ ಅವಳು ಎದ್ದು ಹೋದ್ರೆ, ಹೋಗಲಿ ಅಂತ ಬಿಡ್ತಾರಾ ನಿಮ್ಮ ದೊಡ್ಡವರು?

ಹುಡುಗಿ: ನನ್ನ ಕೈಲಿದ್ರೆ ಬಿಡ್ತೀನಿ. ದೊಡ್ಡವರ ಮಾತು ನಾನು ಕೊಡೋಕೆ ಆಗಲ್ಲ.

ಅತ್ತೆ: ಹಾಗಾದ್ರೆ ಅವರನ್ನ ಒಂದು ಸಲ ಕೋಟೆಗೆ ಕರ್ಕೊಂಡು ಬಾ, ಹೆರಿಗೆ ಮನೆಗೆ. ಅಲ್ಲಿ ಕೂತು ಅವರೇ ಹೇಳಲಿ. ಆಮೇಲೆ ನಾನು ಬರೋದು ಬಿಡೋದು.